ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಮಾಡಬೇಕಿಲ್ಲ

ನಮ್ಮ ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಸುತ್ತಲಿನ ಹಳ್ಳಿಗಳ ಒಗಟು, ಗಾದೆಗಳನ್ನೆಲ್ಲ ತಮ್ಮ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಸುಮಾರು ದಿನ ಅದನ್ನು ಮುಟ್ಟಿರಲಿಲ್ಲ. ಮತ್ತೆ ಕೂತಾಗ ಪಾಸ್‌ವರ್ಡ್ ನೆನಪಾಗಲಿಲ್ಲ. ಅಂಗಡಿಯೊಂದರಲ್ಲಿ ಕೇಳಿದರೆ ಇರೋದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇಬೇಕು ಅಂದರಂತೆ. ನನಗೆ ಹೊಟ್ಟೆ ಉರಿಯಿತು. ಕೀಲಿಕೈ ಕಳೆದಿದೆ ಅಂತ ಯಾರಾದರೂ ಮನೆ ಕೆಡವುತ್ತಾರಾ?

ಮೊದಲು ನಾನು ನೋಡಿದ್ದು ಕೀಬೋರ್ಡ್ ಭಾಷೆಯನ್ನು. ಕನ್ನಡದಲ್ಲಿ ಬರೆಯುವವರ ಕಂಪ್ಯೂಟರಿನಲ್ಲಿ ಇದನ್ನು ನೋಡದೆ ಮುಂದಕ್ಕೆ ಹೋಗಲೇಬಾರದು. ಲಾಗಿನ್ ತೆರೆಯ ಮೇಲ್ಮೂಲೆಯಲ್ಲಿ ಇಂಗ್ಲಿಷ್ ಬದಲು ಕಗಪ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸ ಕೂತಿದ್ದರೆ, ನೀವು ಒತ್ತುವ ಪ್ರತಿ ಕೀಲಿಯೂ ಕನ್ನಡ ಅಕ್ಷರವೇ ಆಗುತ್ತದೆ. ತೆರೆಯ ಮೇಲೆ ಕಾಣುವುದು ಬರೀ ಚುಕ್ಕೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿರುವ ಕಣ್ಣಿನ ಗುರುತು ಒತ್ತಿ ನೋಡಿದರೆ ನಿಜ ಬಯಲಾಗುತ್ತದೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿದುಬಿಡುತ್ತದೆ. ದೊಡ್ಡಪ್ಪನದು ಹಾಗಾಗಲಿಲ್ಲ, ಇಂಗ್ಲಿಷ್ ಸರಿಯಾಗಿಯೇ ಇತ್ತು.

ಎರಡನೆಯದು, ಡಿಸ್ಕ್ ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿಗೆ ಬದಲಾಗಿದೆಯಾ, ಅಂದರೆ ಎನ್‌ಕ್ರಿಪ್ಟ್ ಆಗಿದೆಯಾ ಅನ್ನುವುದು. ಲಾಗಿನ್ ತೆರೆ ಬರುವ ಮೊದಲೇ ಡಿಸ್ಕಿಗೆ ಅಂತ ಬೇರೆ ಪಾಸ್‌ವರ್ಡ್ ಕೇಳಿದರೆ ಆಗಿದೆ ಅಂತ ಅರ್ಥ. ಅದು ಮರೆತಿದ್ದರೆ ನನ್ನ ಈ ದಾರಿ ನಡೆಯುವುದಿಲ್ಲ. ಹಳೆಯ ಉಬುಂಟುಗಳಲ್ಲಿ ನಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯೂ ಇತ್ತು. ಹಾಗಿದ್ದರೆ ಪಾಸ್‌ವರ್ಡ್ ಬದಲಿಸಿದರೂ ಕಡತ ತೆರೆಯುವುದಿಲ್ಲ. ಇಲ್ಲಿ ಎರಡೂ ಇರಲಿಲ್ಲ.

ಹಳೆಯ ಪಾಸ್‌ವರ್ಡ್ ಏನಿತ್ತು ಅಂತ ಹುಡುಕಿ ಓದೋದಕ್ಕೆ ಆಗಲ್ಲ. ಕಂಪ್ಯೂಟರ್ ಅದನ್ನು ಹಾಗೆ ಬರೆದಿಟ್ಟುಕೊಳ್ಳುವುದೇ ಇಲ್ಲ. ಅದರಿಂದ ಲೆಕ್ಕ ಹಾಕಿ ತೆಗೆದ ಒಂದು ಹ್ಯಾಶ್ ಮಾತ್ರ ಶ್ಯಾಡೋ ಅನ್ನುವ ಕಡತದಲ್ಲಿ ಇರುತ್ತದೆ. ಆ ಜಾಗದಲ್ಲಿ ಹೊಸದನ್ನು ಕೂರಿಸಬಹುದು, ಅಷ್ಟೇ.

ಕಂಪ್ಯೂಟರ್ ಶುರುವಾಗುವಾಗ ಶಿಫ್ಟ್ ಕೀಲಿ ಒತ್ತಿಹಿಡಿದೆ. ಹೊಸ ಯಂತ್ರವಾದರೆ ಎಸ್ಕೇಪ್ ಕೀಲಿ. ಯಾವ ರೀತಿ ಶುರುವಾಗಬೇಕು ಅಂತ ಆರಿಸುವ ಗ್ರಬ್ ಪಟ್ಟಿ ಬಂತು. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಆಮೇಲೆ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಖಾತೆ. ಕಪ್ಪು ತೆರೆಯ ಕೊನೆಯಲ್ಲಿ # ಗುರುತು ಬಂದು ನಿಂತರೆ ನೀವು ಒಳಗೆ ಬಂದಿರಿ ಅಂತ ಲೆಕ್ಕ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಈ ಹಂತದಲ್ಲಿ ಡಿಸ್ಕನ್ನು ಓದಲು ಮಾತ್ರ ಬಿಟ್ಟಿರಬಹುದು, ಬರೆಯಲು ಬಿಟ್ಟಿರುವುದಿಲ್ಲ. ಆಗ ಪಾಸ್‌ವರ್ಡ್ ಬದಲಿಸಲು ಹೋದರೆ ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್ ಅಂತ ಬರುತ್ತದೆ. ಅದನ್ನು ನೋಡಿ ಡಿಸ್ಕ್ ಹಾಳಾಗಿದೆ ಅಂತ ಹೆದರುವವರು ಜಾಸ್ತಿ. ಅದಕ್ಕೇ ನಾನು ಮೊದಲೇ ಬರೆಯಲು ಅನುಮತಿ ಕೊಡುತ್ತೇನೆ: ಮೌಂಟ್ ಅಂತ ಬರೆದು ಜಾಗ ಬಿಡಿ, ಹೈಫನ್ ಹಾಕಿ ಸಣ್ಣ ಓ ಅಕ್ಷರ, ಮತ್ತೆ ಜಾಗ ಬಿಟ್ಟು ರಿಮೌಂಟ್, ಅಲ್ಪವಿರಾಮ, ಅದಕ್ಕೆ ಅಂಟಿಕೊಂಡಂತೆ ಆರ್‌ಡಬ್ಲ್ಯೂ, ಕೊನೆಗೆ ಜಾಗ ಬಿಟ್ಟು ಒಂದು ಓರೆಗೆರೆ (/). ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಬಳಕೆದಾರ ಹೆಸರೂ ಮರೆತಿದ್ದರೆ ಹೋಮ್ ಫೋಲ್ಡರಿನ ಪಟ್ಟಿ ತೆಗೆದರೆ ಸಿಗುತ್ತದೆ. ಪಾಸ್‌ಡಬ್ಲ್ಯೂಡಿ (passwd) ಆದೇಶ ಬರೆದು, ಜಾಗ ಬಿಟ್ಟು ಆ ಹೆಸರನ್ನು ಹಾಕಿ ಎಂಟರ್ ಒತ್ತಿದೆ. ಹೊಸ ಪಾಸ್‌ವರ್ಡನ್ನು ದೊಡ್ಡಪ್ಪನ ಕೈಯಲ್ಲೇ ಹಾಕಿಸಿದೆ. ಇನ್ನೊಬ್ಬರ ಪಾಸ್‌ವರ್ಡ್ ನನಗ್ಯಾಕೆ?

"ಏನೋ, ಅಕ್ಷರಾನೇ ಬೀಳ್ತಿಲ್ವಲ್ಲೋ."

"ಬೀಳಲ್ಲ ದೊಡ್ಡಪ್ಪ, ಚುಕ್ಕೇನೂ ಕಾಣಲ್ಲ. ನೀವು ಟೈಪ್ ಮಾಡ್ತಾ ಹೋಗಿ, ಆಮೇಲೆ ಎಂಟರ್ ಒತ್ತಿ."

ಎರಡು ಸಲ ಕೇಳಿತು, ಎರಡು ಸಲ ಹಾಕಿದರು. ಬದಲಾಯಿತು ಅನ್ನುವ ಸಾಲು ಬಂತು. ರೀಬೂಟ್ ಮಾಡಿ ಹೊಸದನ್ನು ಹಾಕಿದರೆ ಒಗಟಿನ ಫೋಲ್ಡರ್ ಇದ್ದ ಜಾಗದಲ್ಲೇ ಇತ್ತು. ಮೊದಲು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

ಒಳಗೆ ಹೋದಮೇಲೆ ಕೀರಿಂಗ್ ತೆರೆಯಲಿಲ್ಲ ಅಂತ ಒಂದು ಕಿಟಕಿ ಬರುತ್ತದೆ. ಕೀರಿಂಗ್ ಅಂದರೆ ಪಾಸ್‌ವರ್ಡ್‌ಗಳನ್ನು ಕೂಡಿಡುವ ಪೆಟ್ಟಿಗೆ. ಅದು ಇನ್ನೂ ಹಳೆಯ ಪಾಸ್‌ವರ್ಡನ್ನೇ ಕೇಳುತ್ತಿರುತ್ತದೆ. ಹೋಮ್ ಫೋಲ್ಡರಿನ ಅಡಗಿದ ಕಡತಗಳನ್ನು ತೋರಿಸುವಂತೆ ಮಾಡಿ, ಡಾಟ್ ಲೋಕಲ್, ಶೇರ್, ಕೀರಿಂಗ್ಸ್ ಒಳಗಿನ ಲಾಗಿನ್ ಕಡತದ ಹೆಸರು ಬದಲಿಸಿದರೆ ಹೊಸ ಪೆಟ್ಟಿಗೆ ತಯಾರಾಗುತ್ತದೆ. ಅಳಿಸಬೇಡಿ, ಹಳೆಯದು ಯಾವತ್ತಾದರೂ ನೆನಪಾಗಬಹುದು ಅಲ್ವಾ. ಕ್ರೋಮ್ ಬಳಸುವವರಿಗೆ ಅದರಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಕೈತಪ್ಪಬಹುದು. ದೊಡ್ಡಪ್ಪನದು ಫೈರ್‌ಫಾಕ್ಸ್, ಅದು ತನ್ನದನ್ನು ಬೇರೆ ಇಟ್ಟುಕೊಳ್ಳುವುದರಿಂದ ಏನೂ ಹೋಗಲಿಲ್ಲ.

ವಿಂಡೋಸ್ ಆಗಿದ್ದರೆ ದಾರಿ ಬೇರೆ. ಮೈಕ್ರೋಸಾಫ್ಟ್ ಖಾತೆಯಾದರೆ ಫೋನಿನಿಂದಲೇ ಅವರ ಜಾಲತಾಣಕ್ಕೆ ಹೋಗಿ ಬದಲಿಸಿಕೊಳ್ಳಬಹುದು. ಬರೀ ಆ ಯಂತ್ರದ ಖಾತೆಯಾದರೆ, ಮುಂಚೆ ಭದ್ರತಾ ಪ್ರಶ್ನೆ ಹಾಕಿಟ್ಟಿದ್ದರೆ ಲಾಗಿನ್ ತೆರೆಯಲ್ಲೇ ಕೇಳುತ್ತದೆ. ಬಿಟ್‌ಲಾಕರ್ (ವಿಂಡೋಸಿನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಇರುವ ಯಂತ್ರವನ್ನು ಕೆದಕುವ ಮೊದಲು ಅದರ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಲಿ. ತುಂಬ ಜನರದ್ದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ, ಮೊದಲು ಅಲ್ಲಿ ನೋಡಿ.