ಕರೆಂಟು ಹೋಗಿ ಬಂದಾಗಲೆಲ್ಲ ಉಬುಂಟು ಮಾಯವಾಗುತ್ತಿದ್ದುದಕ್ಕೆ ಪರಿಹಾರ

ವಿಂಡೋಸ್ ಮತ್ತು ಉಬುಂಟು (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಎರಡೂ ಇರುವ ನಮ್ಮ ಶಿರಸಿ ಮನೆಯ ಡೆಸ್ಕ್‌ಟಾಪಿನಲ್ಲಿ, ಮಳೆಗಾಲದ ರಾತ್ರಿ ಕರೆಂಟು ಹೋದರೆ ಮರುದಿನ ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಮೆನು ಬಾರದೆ ನೇರವಾಗಿ ವಿಂಡೋಸ್ ತೆರೆಯುತ್ತಿತ್ತು. ಕೆಲವೊಮ್ಮೆ ಅದೂ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು.

ಪೆನ್‌ಡ್ರೈವಿನಿಂದ ಬೂಟ್ ದೋಷ ಸರಿಪಡಿಸುವ ಬೂಟ್ ರಿಪೇರ್ ತಂತ್ರಾಂಶ ಓಡಿಸಿದೆ, ಗ್ರಬ್ ಮರುಸ್ಥಾಪಿಸಿದೆ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿದೆ. ಯಾವುದೂ ಮುಂದಿನ ಕರೆಂಟು ಕಡಿತವನ್ನು ದಾಟಿ ಉಳಿಯಲಿಲ್ಲ.

ಸುಳಿವು ಸಿಕ್ಕಿದ್ದು ಗಡಿಯಾರದಿಂದ. ಎರಡು ವ್ಯವಸ್ಥೆಗಳ ನಡುವೆ ಐದೂವರೆ ಗಂಟೆಯ ವ್ಯತ್ಯಾಸ ಬರುವುದು ಸಹಜ, ಏಕೆಂದರೆ ಉಬುಂಟು ಯಂತ್ರದ ಗಡಿಯಾರವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೂ ವಿಂಡೋಸ್ ಸ್ಥಳೀಯ ಸಮಯವೆಂದೂ ಓದುತ್ತದೆ. ಆದರೆ ಇಸವಿಯೇ ಹಿಂದಕ್ಕೆ ಹೋಗಿದ್ದರೆ ಮೊದಲು ಸಂಶಯಿಸಬೇಕಾದುದು ಕರೆಂಟಿಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನು. ಅದು ಸತ್ತಿದ್ದರೆ ಕರೆಂಟು ಹೋದಾಗ ಬಯಾಸ್ (ಯಂತ್ರವನ್ನು ಆರಂಭಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೂಲ ಸೆಟ್ಟಿಂಗಿಗೆ ಮರಳಬಹುದು.

ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಹಾಕಿ, ಯಾವ ವ್ಯವಸ್ಥೆಯನ್ನೂ ತೆರೆಯುವ ಮೊದಲೇ ನೇರವಾಗಿ ಬಯಾಸ್ ಪ್ರವೇಶಿಸಬೇಕು. ಅಲ್ಲಿ ನಾನು ಅನುಸರಿಸಿದ ಕ್ರಮ: ದಿನಾಂಕ ಸರಿಪಡಿಸಿ, ಸಾಟಾ ಮೋಡನ್ನು (ಮದರ್‌ಬೋರ್ಡು ಡಿಸ್ಕಿನೊಂದಿಗೆ ವ್ಯವಹರಿಸುವ ವಿಧಾನ) ರೇಡ್‌ನಿಂದ ಎಎಚ್‌ಸಿಐಗೆ ಮರಳಿಸಿ, ಸಿಎಸ್‌ಎಂ ಅನ್ನು (ಹಳೆಯ ಬಗೆಯ ಬೂಟಿಗೆ ಅವಕಾಶ ಕೊಡುವ ಆಯ್ಕೆ) ಡಿಸೇಬಲ್ಡ್ ಮಾಡಿ, ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರಿಗಿಂತ ಮೇಲೆ ಉಬುಂಟುವನ್ನು ತಂದು, ಎಫ್10 ಒತ್ತಿ ಉಳಿಸಿದೆ. ನೀಲಿ ಪರದೆಗೆ ಕಾರಣ ಸಾಟಾ ಮೋಡ್. ವಿಂಡೋಸ್ ಯಾವ ಮೋಡಿನಲ್ಲಿ ಸ್ಥಾಪನೆಯಾಗಿತ್ತೋ ಅದನ್ನೇ ಇಡಬೇಕು, ನಿಮ್ಮಲ್ಲಿ ಅದು ರೇಡ್ ಆಗಿದ್ದರೆ ಬದಲಿಸಬಾರದು. ಕೊನೆಗೆ ಪ್ಲಗ್ ಕಿತ್ತು ರಾತ್ರಿಯಿಡೀ ಬಿಟ್ಟು ಪರೀಕ್ಷಿಸಿದಾಗ ದಿನಾಂಕವೂ ಗ್ರಬ್ ಮೆನುವೂ ಸರಿಯಾಗಿದ್ದವು.