ಚೆಂಡೆ ಕೇಳಿ ಕ್ಲಿಕ್ಕಿಸುವುದು: ಯಕ್ಷಗಾನದ ರಾತ್ರಿಗಳಲ್ಲಿ ನನ್ನ ಕ್ಯಾಮೆರಾ

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಆಟದಲ್ಲಿ ಪುಂಡುವೇಷದ (ಯುವವೀರರ ಪಾತ್ರದ) ಧೀಂಗಿಣವನ್ನು, ಅಂದರೆ ಹಾರಿ ಗಿರಕಿ ಹೊಡೆಯುವ ಕುಣಿತವನ್ನು, ಸೆರೆಹಿಡಿಯಲು ನನಗೆ ಕಲಿಸಿದ್ದು ಚೆಂಡೆ. ಮೊದಲ ಎರಡು ತಿರುಗಾಟ, ಅಂದರೆ ಮೇಳಗಳು ಊರೂರು ಸುತ್ತಿ ಆಡುವ ಎರಡು ಋತು, ನಾನು ಕಣ್ಣನ್ನೇ ನಂಬಿದ್ದೆ. ವೇಷ ಹಾರಿದ್ದು ಕಂಡ ಮೇಲೆ ಬೆರಳು ಒತ್ತಿದರೆ ಚಿತ್ರದಲ್ಲಿ ಸಿಗುತ್ತಿದ್ದುದು ನೆಲ ಮುಟ್ಟಿದ ಕಾಲು, ಕಲಸಿಹೋದ ಕೆಂಪು ಬಟ್ಟೆ. ಕಂಡ ಕ್ಷಣ ಆಗಲೇ ದಾಟಿ ಹೋಗಿರುತ್ತದೆ.

ರಂಗಸ್ಥಳ ಈಗ ಝಗಮಗಿಸುತ್ತದೆ, ಬೆಳಕಿಗೇನು ಕೊರತೆ ಎಂದು ಹಲವರು ಕೇಳುತ್ತಾರೆ. ಕಣ್ಣಿಗೆ ಕೊರತೆಯಿಲ್ಲ, ಕ್ಯಾಮೆರಾಕ್ಕೆ ಇದೆ. ಬಯಲಾಟದ ಗದ್ದೆಯಲ್ಲಿ ನಾನು ಸಾಮಾನ್ಯವಾಗಿ 85 ಎಂಎಂ ಲೆನ್ಸಿನ ಕಿಂಡಿಯನ್ನು ಎಫ್/1.8ರಿಂದ 2.2ರ ಒಳಗೆ ಅಗಲವಾಗಿ ತೆರೆದಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಏರಿಸಿ ಕೂರುತ್ತೇನೆ. ಅದಕ್ಕಿಂತ ದೊಡ್ಡ ತೊಂದರೆ ಎಲ್‌ಇಡಿಯದು. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಶಟರ್ 1/500 ಸೆಕೆಂಡಿಗೆ ಇಟ್ಟರೆ ಕಿರೀಟದ ಮೇಲೊಂದು, ಎದೆಯ ಮೇಲೊಂದು ಕಪ್ಪು ಪಟ್ಟಿ ಅಡ್ಡಲಾಗಿ ಬೀಳುತ್ತದೆ. ಒಮ್ಮೆ ಇಡೀ ರಾತ್ರಿಯ ಚಿತ್ರಗಳು ಹೀಗೇ ಹಾಳಾದವು, ಅದೂ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್‌ನಿಂದಾಗಿ ಇನ್ನಷ್ಟು ಕೆಟ್ಟದಾಗಿ. ಅಂದಿನಿಂದ ಆಟದಲ್ಲಿ ಮೆಕ್ಯಾನಿಕಲ್ ಶಟರ್ ಮಾತ್ರ. 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ, ಆದರೆ ಕುಣಿಯುವ ವೇಷ ಕದಡುತ್ತದೆ.

ಈ ಇಕ್ಕಟ್ಟಿನಿಂದ ನನ್ನನ್ನು ಪಾರುಮಾಡಿದ್ದು ಹಿಮ್ಮೇಳ, ಅಂದರೆ ಹಾಡು-ವಾದ್ಯದವರು. ವೇಗ ಏರುವ ಏರುಪದದಲ್ಲಿ ಚೆಂಡೆಯ ಪೆಟ್ಟು ದಟ್ಟವಾಗುತ್ತ ಹೋಗಿ ಮುಕ್ತಾಯಕ್ಕೆ ಬರುವುದು ವೇಷಧಾರಿಗೂ ಗೊತ್ತು, ಹಾಡುವ ಭಾಗವತರಿಗೂ ಗೊತ್ತು, ಮುಂದಿನ ಸಾಲಿನ ಅಜ್ಜನಿಗೂ ಗೊತ್ತು. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಒಂದು ಮಳೆಗಾಲ ಪೂರ್ತಿ ಬಸ್ಸಿನಲ್ಲಿ ಧ್ವನಿಮುದ್ರಣ ಕೇಳುತ್ತ, ತೊಡೆಯ ಮೇಲೆ ತಾಳ ಹಾಕುತ್ತ ನಾನೂ ಅದನ್ನು ಕಲಿತೆ. ಮುಕ್ತಾಯದ ಕೊನೆಯ ಪೆಟ್ಟಿಗೆ ವೇಷ ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುತ್ತದಲ್ಲ, ಅದಕ್ಕೆ 1/100 ಧಾರಾಳ ಸಾಕು. ಧೀಂಗಿಣ ಬೇರೆ. ಮೇಲೆ ಹೋದ ತುದಿಯಲ್ಲೂ ಮೈ ತಿರುಗುತ್ತಲೇ ಇರುವುದರಿಂದ 1/400 ಬೇಕು. ಆಗ ಐಎಸ್‌ಒ 6400 ದಾಟಿಸಿ, ದೀಪ ಪೂರ್ಣ ಬೆಳಗುವ ಹೊತ್ತಿಗೇ ಶಟರ್ ತೆರೆಯುವ ಆ್ಯಂಟಿ-ಫ್ಲಿಕರ್ ಸೌಲಭ್ಯ ಹಾಕಿಕೊಳ್ಳುತ್ತೇನೆ. ಚಿತ್ರದಲ್ಲಿ ತರಿ (ನಾಯ್ಸ್) ಬಂದರೆ ಬರಲಿ. ತರಿ ಇದ್ದ ಚಿತ್ರವನ್ನು ಪ್ರೀತಿಯಿಂದ ನೋಡಬಹುದು, ಕದಡಿದ ಮುಖವನ್ನು ನೋಡಲಾಗುವುದಿಲ್ಲ.

ಬೆಳಕಿನ ಅಳತೆ ತೆಗೆಯುವುದು ವೇಷಧಾರಿಯ ಹಣೆಯಿಂದ, ಒಂದು ಬಿಂದುವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ. ಹಿಂದಿನ ಕತ್ತಲೆಯನ್ನು ನಂಬಿದರೆ ಕ್ಯಾಮೆರಾ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟಿನಿಂದ ಒಂದೊಂದಾಗಿ ಇಟ್ಟ ಚಿಟ್ಟಿಗಳಿರುತ್ತವೆ, ಗಂಟೆಗಟ್ಟಲೆಯ ಕೆಲಸ ಅದು. ಆ ಚುಕ್ಕೆಗಳು ಬೇರೆಬೇರೆಯಾಗಿ ಕಾಣದ ಚಿತ್ರವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಕೆಂಪು ದೀಪ ಹಾಕಿದಾಗಲಂತೂ ವೇಷದ ಕೆಂಪೆಲ್ಲ ಒಂದೇ ಮುದ್ದೆಯಾಗುತ್ತದೆ. ಅದಕ್ಕೇ ಆಮೇಲೆ ತಿದ್ದಬಹುದಾದ ರಾ ಫೈಲು, ಅದೂ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕಿನಲ್ಲಿ.

ಇಷ್ಟೆಲ್ಲ ಲೆಕ್ಕ ತಲೆಕೆಳಗಾಗುವುದು ದೇವಿಮಹಾತ್ಮೆಯ ಮಹಿಷಾಸುರ ಬರುವಾಗ. ಅವನು ಬರುವುದು ಚೌಕಿಯಿಂದ (ಬಣ್ಣ ಹಚ್ಚುವ ಕೋಣೆಯಿಂದ) ನೇರ ರಂಗಸ್ಥಳಕ್ಕಲ್ಲ, ಜನರ ನಡುವಿನಿಂದ, ದೊಂದಿ (ಪಂಜು) ಹಿಡಿದವರ ಜೊತೆ. ದೀಪ ಆರಿಸಿದ್ದರೆ ಉಳಿಯುವುದು ಬೆಂಕಿ ಮಾತ್ರ. ಮೊದಮೊದಲು ದೊಂದಿಯ ಬೆಳಕಿಗೇ ಅಳತೆ ಇಡುತ್ತಿದ್ದೆ. ರಾಳದ (ಮರದ ಅಂಟಿನ) ಪುಡಿ ಎರಚಿದೊಡನೆ ಜ್ವಾಲೆ ಭುಗಿಲೆದ್ದು ಚಿತ್ರ ಬೆಳ್ಳಗಾಗುತ್ತಿತ್ತು. ಈಗ ರಾಳ ಎರಚುವ ಕೈಯನ್ನೇ ನೋಡುತ್ತೇನೆ. ಆ ಮುಷ್ಟಿ ಹಿಂದಕ್ಕೆ ಹೋದಾಗ ಉಸಿರು ಬಿಗಿಹಿಡಿದು, ಪುಡಿ ಬೆಂಕಿಗೆ ಬಿದ್ದ ಕೂಡಲೇ ಒತ್ತುತ್ತೇನೆ. 1/200, ಎಫ್/2, ಐಎಸ್‌ಒ 3200, ಎಲ್ಲ ಮ್ಯಾನ್ಯುವಲ್. ಜ್ವಾಲೆ ಏಳುವ ಆ ಕ್ಷಣದಲ್ಲಿ ಎರಡು ಕೋಡು, ಹೊಳೆಯುವ ಕಣ್ಣು, ಹಿಂದೆ ಅಮ್ಮನ ಸೊಂಟ ತಬ್ಬಿಕೊಂಡ ಮಗುವಿನ ಮುಖ ಎಲ್ಲವೂ ಕಾಣುತ್ತವೆ. ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಕಟ್ಟಿಹಾಕಿರುತ್ತೇನೆ. ಆಟೊಗೆ ಬಿಟ್ಟರೆ ಬೆಂಕಿಯ ಕೆಂಬಣ್ಣವನ್ನೇ ತೊಳೆದುಬಿಡುತ್ತದೆ.

ಫ್ಲ್ಯಾಶ್ ಬಿಟ್ಟಿದ್ದು ಒಂದು ಮಾತಿನಿಂದ. ಶುರುವಿನ ದಿನಗಳಲ್ಲಿ ಒಮ್ಮೆ ಯುದ್ಧದ ಸನ್ನಿವೇಶದಲ್ಲಿ ಹತ್ತಾರು ಸಲ ಮಿಂಚಿಸಿದ್ದೆ. ಆಟ ಮುಗಿದ ಮೇಲೆ ಹಿರಿಯ ವೇಷಧಾರಿಯೊಬ್ಬರು ಚೌಕಿಗೆ ಕರೆಸಿದರು. ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. "ನಿನ್ನ ಲೈಟು ಹೊಡೆದ ಮೇಲೆ ಎರಡು ಹೆಜ್ಜೆ ನನಗೆ ನೆಲ ಕಾಣುದಿಲ್ಲ ಮಾರಾಯ. ಅಲ್ಲಿ ಅಂಚು ಉಂಟಲ್ಲ, ಬಿದ್ದರೆ?" ಎಂದರು. ಬೈಯಲಿಲ್ಲ. ಅವರ ಕೆನ್ನೆಯ ಮೇಲೆ ಅರ್ಧ ಕರಗಿದ ಬಣ್ಣ ಇನ್ನೂ ಇತ್ತು. ಫೋಟೊ ತೆಗೆಯಲೇ ಎಂದು ಅವರನ್ನು ಕೇಳಿದೆ. ಚೌಕಿಯಲ್ಲಿ ನಾನು ಕೇಳಿ ತೆಗೆದ ಮೊದಲ ಚಿತ್ರ ಅದು. ಅಲ್ಲಿದ್ದ ಒಂದೇ ಬಲ್ಬಿನ ಬೆಳಕಿನಲ್ಲಿ, 1/60ರಲ್ಲಿ, ಅವರು ಕನ್ನಡಿ ನೋಡುತ್ತಿದ್ದಾಗ ತೆಗೆದೆ.