ನಾಟಕದ ಕೊನೆಯ ವಾರ, ಬೇಸಿಗೆಯ ಕೈತೋಟ

ನಮ್ಮನೆಯವರು ನಾಟಕಕ್ಕೆ ಬಣ್ಣ ಹಚ್ಚಲು ಶುರು ಮಾಡಿ ಎಷ್ಟೋ ವರ್ಷ ಆಯಿತು. ನನ್ನ ಕೈತೋಟಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದ್ದು ಏನೆಂದರೆ, ನಾಟಕ ನಡೆಯುವಷ್ಟು ದಿನ ಮನೆಯಲ್ಲಿ ಎರಡು ಗಡಿಯಾರ ಓಡುತ್ತವೆ. ಗಿಡಗಳದ್ದು ಸೂರ್ಯನ ಗಡಿಯಾರ. ಅವರದ್ದು ಪರದೆ ಏಳುವ ಗಡಿಯಾರ. ಅವರು ಮಲಗುವುದು ರಾತ್ರಿ ಒಂದು ಗಂಟೆಗೆ, ನಾನು ಏಳುವುದು ಐದೂವರೆಗೆ. ಬೇಸಿಗೆಯಲ್ಲಿ ನಾಟಕ ಮುಗಿಯುವ ಹೊತ್ತಿಗೆ ಎರಡು ಕಡೆಯೂ ಕೆಲಸ ಜಾಸ್ತಿ. ಗಂಡನೋ ಹೆಂಡತಿಯೋ ರಂಗದ ಮೇಲಿರುವ ಮನೆಯವರಿಗೆ ಉಪಯೋಗ ಆಗಲಿ ಅಂತ ನಾನು ಮಾಡುವುದನ್ನು ಹೇಳುತ್ತೇನೆ.

ಮೊದಲು ಬೆಳಗಿನ ನೀರು. ಬೇಸಿಗೆಯಲ್ಲಿ ನೀರು ಹಾಕಲು ಬಿಸಿಲು ಏರುವ ಮುಂಚಿನ ಹೊತ್ತೇ ಒಳ್ಳೆಯದು. ಮಣ್ಣು ತಂಪಾಗಿರುತ್ತದೆ, ನೀರು ಆವಿಯಾಗುವ ಮುಂಚೆ ಬೇರಿಗೆ ಇಳಿಯುತ್ತದೆ. ಸಂಜೆ ಹಾಕಿದರೂ ತಪ್ಪಿಲ್ಲ, ಆದರೆ ಎಲೆ ನೆನೆಯದ ಹಾಗೆ ಬುಡಕ್ಕೆ ಮಾತ್ರ ಹಾಕಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಬೂಷ್ಟು ರೋಗಕ್ಕೆ ದಾರಿ ಆಗುತ್ತದೆ. ಒಳಗೆ ತಡವಾಗಿ ಮಲಗಿದವರು ಇದ್ದಾರಲ್ಲ, ಅವರಿಗಾಗಿ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹಿಂದಿನ ಸಂಜೆಯೇ ಬಕೆಟ್ಟುಗಳಿಗೆ ನೀರು ತುಂಬಿಸಿ ಮುಚ್ಚಿಡುತ್ತೇನೆ. ಬೆಳಿಗ್ಗೆ ನಲ್ಲಿ ತಿರುಗಿಸುವ ಸದ್ದಿಲ್ಲ, ಮೋಟಾರಿನ ಗದ್ದಲವೂ ಇಲ್ಲ. ಹಗಲಲ್ಲಿ ಪೈಪು ಹಿಡಿಯುವವರು ಇನ್ನೊಂದು ಮಾತು ನೆನಪಿಡಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಆ ಮೊದಲ ನೀರನ್ನು ಒಂದು ಬಕೆಟ್ಟಿಗೆ ಬಿಟ್ಟು, ತಣ್ಣಗೆ ಬರಲು ಶುರುವಾದ ಮೇಲೆ ಗಿಡಕ್ಕೆ ಹಿಡಿಯಿರಿ.

ಎಷ್ಟು ನೀರು ಅಂತ ಎಲ್ಲರೂ ಕೇಳುತ್ತಾರೆ. ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಅಲ್ಲಿ ತೇವ ಇದ್ದರೆ ಇವತ್ತು ಬೇಡ. ಒಣಗಿದ್ದರೆ, ಕುಂಡದ ತಳದ ತೂತಿನಿಂದ ನೀರು ಹೊರಬರುವವರೆಗೂ ನಿಧಾನವಾಗಿ ಹಾಕಿ. ದಿನಾ ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲಕ್ಕೇ ಬರುತ್ತದೆ, ಬಿಸಿಲಿಗೆ ಮೊದಲು ಸುಡುವುದೂ ಅದೇ. ಮಧ್ಯಾಹ್ನ ಸೌತೆ ಬಳ್ಳಿಯ ಎಲೆ ಜೋತು ಬಿದ್ದದ್ದು ಕಂಡು ಗಾಬರಿ ಆಗಬೇಡಿ. ಬೇರು ಎಳೆಯುವುದಕ್ಕಿಂತ ಬೇಗ ಎಲೆಯಿಂದ ನೀರು ಹೋಗುತ್ತಿರುತ್ತದೆ, ಅಷ್ಟೇ. ಸಂಜೆ ಅದು ತಾನಾಗಿ ಎದ್ದು ನಿಂತರೆ ಸರಿ ಇದೆ ಅಂತ ಅರ್ಥ. ಬೆಳಿಗ್ಗೆ ಎದ್ದು ನೋಡಿದಾಗಲೂ ಜೋತಿದ್ದರೆ ಮಾತ್ರ ಅದಕ್ಕೆ ನಿಜವಾಗಿ ಬಾಯಾರಿದೆ. ಕೆಲವು ಕುಂಡಗಳಲ್ಲಿ ಮಣ್ಣು ಎಷ್ಟು ಒಣಗಿರುತ್ತದೆ ಅಂದರೆ, ಹಾಕಿದ ನೀರು ಅಂಚಿನಿಂದ ಜಾರಿ ನೇರ ಹೊರಗೆ ಹೋಗುತ್ತದೆ, ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ಅಂಥ ಕುಂಡವನ್ನು ಎತ್ತಿ ನೀರಿನ ಬಕೆಟ್ಟಿನಲ್ಲಿ ಇಳಿಸಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯಿರಿ.

ಮಣ್ಣಿಗೆ ಹೊದಿಕೆ ಹಾಕುವುದನ್ನು ಬಿಡಬೇಡಿ. ಒಣ ಎಲೆ, ಹುಲ್ಲು, ತೆಂಗಿನ ನಾರು, ಏನು ಸಿಗುತ್ತದೋ ಅದನ್ನು 5ರಿಂದ 7 ಸೆಂಟಿಮೀಟರ್ ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಸುತ್ತ ಎರಡು ಬೆರಳು ಜಾಗ ಬಿಡಿ. ಈ ಒಂದು ಕೆಲಸದಿಂದ ನೀರು ಎಷ್ಟು ಉಳಿಯುತ್ತದೆ ಅಂತ ಮಾಡಿದವರಿಗೇ ಗೊತ್ತು. ಸಿಮೆಂಟಿನ ನೆಲದ ಮೇಲೆ ಕುಂಡ ಇಟ್ಟಿದ್ದರೆ ಕೆಳಗೆ ಎರಡು ಇಟ್ಟಿಗೆ ಕೊಡಿ. ನೆಲ ಸಂಜೆಯಾದರೂ ಕಾವು ಬಿಡುತ್ತಲೇ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿಟ್ಟರೆ ಬೇರು ಬೇಯುವುದಿಲ್ಲ. ಈ ಕಾಲದಲ್ಲಿ ಕುಂಡ ಬದಲಾಯಿಸುವುದು, ಜೋರಾಗಿ ಕತ್ತರಿಸುವುದು, ಗೊಬ್ಬರ ಸುರಿಯುವುದು ಬೇಡ. ಒಂದು ವರ್ಷ ಕಡು ಬೇಸಿಗೆಯಲ್ಲಿ, ಗಿಡ ಸೊರಗಿದೆ ಅಂತ ನಾನು ಮೆಣಸಿನ ಗಿಡಕ್ಕೆ ಗೊಬ್ಬರ ಹಾಕಿದ್ದೆ. ಮೂರೇ ದಿನಕ್ಕೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಮುದುಡಿತು. ಒಣ ಮಣ್ಣಿನಲ್ಲಿ ಗೊಬ್ಬರದ ಉಪ್ಪು ಬೇರನ್ನು ಸುಡುತ್ತದೆ ಅಂತ ಆಮೇಲೆ ತಿಳಿಯಿತು.

ಟೊಮ್ಯಾಟೊ ಬೆಳೆಸಿದವರು ಬೇಸಿಗೆಯಲ್ಲಿ ಜಾಸ್ತಿ ಕೊರಗುತ್ತಾರೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಅದು ನಿಮ್ಮ ತಪ್ಪಲ್ಲ. ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಕಟ್ಟಿ, ಗಿಡ ಬದುಕಿಸಿಕೊಳ್ಳಿ. ತಂಪಾದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ. ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿದರೆ, ಎಷ್ಟೋ ಸಲ ಅದಕ್ಕೆ ಕಾರಣ ಒಂದು ದಿನ ಒಣಗಿಸಿ ಇನ್ನೊಂದು ದಿನ ಸುರಿದ ನೀರು. ನೀರು ಏರುಪೇರಾದರೆ ಕ್ಯಾಲ್ಸಿಯಂ ಕಾಯಿಯ ತುದಿಯವರೆಗೆ ತಲುಪುವುದಿಲ್ಲ. ನಾಟಕದ ಕೊನೆಯ ವಾರದ ಓಡಾಟದಲ್ಲಿ ನಮ್ಮಲ್ಲಿ ಆಗುತ್ತಿದ್ದುದು ಇದೇ. ಈಗ ನಾನು ಆ ವಾರ ಬಣ್ಣ ತಿರುಗಲು ಶುರುವಾದ ಕಾಯನ್ನೆಲ್ಲ ಕಿತ್ತು ಮನೆಯೊಳಗೆ ನೆರಳಲ್ಲಿ ಇಡುತ್ತೇನೆ. 30 ಡಿಗ್ರಿ ದಾಟಿದ ಬಿಸಿಲಲ್ಲಿ ಗಿಡದ ಮೇಲೆ ಸರಿಯಾಗಿ ಕೆಂಪಾಗದೆ ಹಳದಿಗೇ ನಿಲ್ಲುವ ಹಣ್ಣು, ಒಳಗೆ ಇಟ್ಟರೆ ಚೆನ್ನಾಗಿ ಕೆಂಪಾಗುತ್ತದೆ.

ಎಲೆಯ ಹಿಂಬದಿಯನ್ನೂ ಆಗಾಗ ತಿರುಗಿಸಿ ನೋಡಿ. ಸಣ್ಣ ಬಲೆ, ಪುಡಿಯಂಥ ಕೆಂಪು ಚುಕ್ಕಿ ಕಂಡರೆ ಅದು ನುಸಿ. ಒಣ ಬಿಸಿಲೆಂದರೆ ಅದಕ್ಕೆ ಹಬ್ಬ. ಬೆಳಿಗ್ಗೆ ಹೊತ್ತು ಎಲೆಯ ಕೆಳಗಿನಿಂದ ರಭಸವಾಗಿ ನೀರು ಹೊಡೆಯಿರಿ, ಎರಡು ಮೂರು ದಿನಕ್ಕೊಮ್ಮೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಸೆಕೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ ಸಾಕು.

ಈಗ ಮನೆಯೊಳಗಿನ ಮಾತು. ಕೊನೆಯ ವಾರ ಅವರಿಗೆ ದಣಿವು ಎಷ್ಟಿದ್ದರೂ ರಾತ್ರಿ ಬಂದ ಕೂಡಲೇ ನಿದ್ದೆ ಬರುವುದಿಲ್ಲ. ಎರಡು ಗಂಟೆ ಜನರ ಮುಂದೆ ನಿಂತು ಬಂದ ಮೈ ಇನ್ನೂ ಎಚ್ಚರವಾಗಿರುತ್ತದೆ. ಬೇಗ ಮಲಗಿ ಅಂತ ಒತ್ತಾಯ ಮಾಡಬೇಡಿ. ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ, ಹಗುರವಾದ ಊಟ, ಮಂದ ದೀಪ, ಇಷ್ಟು ಇರಲಿ. ಹೊಟ್ಟೆ ತುಂಬ ಊಟವನ್ನು ಪ್ರಯೋಗಕ್ಕೆ ಎರಡು ಮೂರು ಗಂಟೆ ಮುಂಚೆಯೇ ಮುಗಿಸಿಕೊಂಡು ಹೋದರೆ ರಾತ್ರಿ ಹೊಟ್ಟೆಗೆ ಭಾರ ಆಗುವುದಿಲ್ಲ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿ. ಬೇಸಿಗೆಯ ಬೆಳಕು ಬೇಗ ನುಗ್ಗುತ್ತದೆ. ಗಂಟಲಿಗೆ ದಿನವಿಡೀ ಗುಟುಕು ಗುಟುಕು ನೀರು ಒಳ್ಳೆಯದು, ಬಿಸಿನೀರಿನ ಹಬೆಯೂ ಒಳ್ಳೆಯದು. ಗಂಟಲು ಕೆಟ್ಟಾಗ ಪಿಸುಮಾತಿನಲ್ಲಿ ಮಾತಾಡಿದರೆ ಆರಾಮ ಸಿಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಪಿಸುಮಾತೂ ಗಂಟಲನ್ನು ದಣಿಸುತ್ತದೆ. ಸುಮ್ಮನಿರುವುದೇ ಆರಾಮ. ನಮ್ಮಲ್ಲಿ ಆ ದಿನಗಳಲ್ಲಿ ಊಟದ ಮೇಜಿನ ಮೇಲೆ ಒಂದು ಸ್ಲೇಟು ಇರುತ್ತದೆ. ಏನು ಬೇಕೋ ಅದರಲ್ಲಿ ಬರೆಯುತ್ತಾರೆ.

ಕೊನೇ ಪ್ರಯೋಗದ ದಿನ ನಾನೂ ಹೋಗುತ್ತೇನೆ. ಸೆಟ್ಟು ಬಿಚ್ಚಿ ಲಾರಿಗೆ ಏರಿಸುವವರೆಗೂ ಇದ್ದು ಬರುವುದರಿಂದ ಮನೆ ಸೇರುವುದು ಮಧ್ಯರಾತ್ರಿ ದಾಟಿದ ಮೇಲೆ. ಆ ದಿನ ತೋಟಕ್ಕೆ ಬೇರೆ ಏರ್ಪಾಡು ಬೇಕು. ಬೆಳಿಗ್ಗೆ ಚೆನ್ನಾಗಿ ನೀರು ಕುಡಿಸಿ, ಕುಂಡಗಳನ್ನೆಲ್ಲ ನೆರಳಿನಲ್ಲಿ ಒಂದಕ್ಕೊಂದು ಒತ್ತಿ ಇಡಿ. ಗುಂಪಾಗಿದ್ದರೆ ತೇವ ಬೇಗ ಆರುವುದಿಲ್ಲ. ತುಂಬಾ ಬಾಯಾರುವ ಗಿಡಗಳ ನಡುವೆ ಒಂದು ಬಕೆಟ್ಟು ನೀರನ್ನು ಸ್ವಲ್ಪ ಎತ್ತರದಲ್ಲಿಡಿ. ದಪ್ಪ ಹತ್ತಿ ಹಗ್ಗವನ್ನು ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವ ಹಾಗೆ, ಇನ್ನೊಂದು ತುದಿ ಬೇರಿನ ಹತ್ತಿರ ಮಣ್ಣಲ್ಲಿ ಹೂತಿರುವ ಹಾಗೆ ಬಿಡಿ. ನೀರು ಹನಿಹನಿಯಾಗಿ ಹೋಗುತ್ತಿರುತ್ತದೆ. ಒಂದು ದಿನ ಮುಂಚೆಯೇ ಕಟ್ಟಿ ಪರೀಕ್ಷೆ ಮಾಡಿ ನೋಡಿ. ಬೀನ್ಸ್, ಸೌತೆಯನ್ನು ಹಿಂದಿನ ದಿನವೇ ಕಿತ್ತುಬಿಡಿ. ಕಾಯಿ ಬಲಿತರೆ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಅವತ್ತು ರಾತ್ರಿ ಮನೆಗೆ ಬರುವ ಸಾಮಾನೂ ಜಾಸ್ತಿ. ಎಷ್ಟೇ ದಣಿದಿದ್ದರೂ ಎರಡು ಕೆಲಸ ಮುಂದೂಡಬೇಡಿ. ಒಂದು, ಬೆವರಿನ ಬಟ್ಟೆಯನ್ನು ಚೀಲದಿಂದ ತೆಗೆದು ಹರವಿ. ಇನ್ನೊಂದು, ಹೂಗುಚ್ಛದ ಪ್ಲಾಸ್ಟಿಕ್ ಬಿಚ್ಚಿ ನೀರಿಗೆ ಇಡಿ. ದಂಟಿನ ತುದಿಯನ್ನು ಎರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿದರೆ ವಾರ ನಿಲ್ಲುವ ಹೂಗಳೂ ಇವೆ. ಆದರೆ ಒಳಗೆ ಇಟ್ಟ ಟೊಮ್ಯಾಟೊ ಪಕ್ಕದಲ್ಲಿ ಮಾತ್ರ ಬೇಡ. ಹಣ್ಣಾಗುವಾಗ ಅದರಿಂದ ಬರುವ ಎಥಿಲೀನ್ ಗಾಳಿಗೆ ಹೂ ಬೇಗ ಬಾಡುತ್ತದೆ. ಒಂದು ಸಲ ಗೊತ್ತಿಲ್ಲದೆ ಹಾಗೆ ಇಟ್ಟು, ಅವರಿಗೆ ಬಂದ ಹೂವೆಲ್ಲ ಎರಡೇ ದಿನಕ್ಕೆ ತಲೆ ಬಾಗಿಸಿದ್ದು ನೋಡಿ ನನಗೆ ತುಂಬಾ ಬೇಜಾರಾಗಿತ್ತು.

ಬಟ್ಟೆಯ ವಿಷಯಕ್ಕೆ ಬಂದರೆ, ಬೆವರಿನ ಕಲೆಗೆ ಮೊದಲು ತಣ್ಣೀರು. ಬಿಸಿನೀರು, ಇಸ್ತ್ರಿ ಎರಡೂ ಕಲೆಯನ್ನು ಗಟ್ಟಿ ಮಾಡುತ್ತವೆ. ಎಣ್ಣೆ ಬಣ್ಣ ಕಾಲರಿಗೆ ಹತ್ತಿದ್ದರೆ ಒಣ ಬಟ್ಟೆಯ ಮೇಲೆಯೇ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಬೆರಳಿನಿಂದ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೀರು ಮೊದಲು ಬಿದ್ದರೆ ಜಿಡ್ಡು ಬಿಡುವುದು ಕಷ್ಟ. ತೊಳೆಯಲು ಆಗದ ಭಾರಿ ವೇಷಕ್ಕೆ ವೇಷಭೂಷಣದವರು ಒಂದು ಉಪಾಯ ಮಾಡುತ್ತಾರೆ. ಬಣ್ಣ, ವಾಸನೆ ಸೇರಿಸದ ವೋಡ್ಕಾಕ್ಕೆ ಅಷ್ಟೇ ನೀರು ಬೆರೆಸಿ ಒಳಬದಿಗೆ, ಕಂಕುಳಿಗೆ ಸಿಂಪಡಿಸಿ ಗಾಳಿಗೆ ಬಿಡುತ್ತಾರೆ. ಬೆವರಿನ ವಾಸನೆ ಹೋಗುತ್ತದೆ. ಕಾಣದ ಹೊಲಿಗೆಯ ಹತ್ತಿರ ಮೊದಲು ಪರೀಕ್ಷಿಸಿ, ಒಲೆಯ ಹತ್ತಿರ ಮಾಡಬೇಡಿ. ರೇಷ್ಮೆ, ಬಣ್ಣದ ಬಟ್ಟೆಗಳನ್ನು ಒಳಬದಿ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ನಮ್ಮ ಮನೆಯಿಂದ ಪರಿಕರವಾಗಿ ಹೋದ ಲಾಟೀನು, ಕನ್ನಡಕ, ಹಳೆಯ ಪೆಟ್ಟಿಗೆ ವಾಪಸ್ ಬಂತೇ ಅಂತ ಚೀಟಿ ಹಿಡಿದು ನೋಡಿ. ಬೇರೆಯವರದ್ದು ನಮ್ಮ ಚೀಲದಲ್ಲಿದ್ದರೆ ಅದೇ ವಾರ ತಲುಪಿಸಿ.

ಎಲ್ಲಕ್ಕಿಂತ ಕಷ್ಟದ ದಿನಗಳು ಆಮೇಲೆ ಬರುತ್ತವೆ. ಸಂಜೆ ಐದಾದರೆ ಅವರ ಕಾಲು ತಾನಾಗಿ ಬಾಗಿಲ ಕಡೆ ಹೋಗುತ್ತದೆ. ಹೋಗಲು ಜಾಗ ಇರುವುದಿಲ್ಲ. ಸ್ನಾನದ ಮನೆಯಲ್ಲಿ ನಾಟಕದ ಮಾತು ತುಟಿಗೆ ಬರುತ್ತದೆ, ಎದುರು ಮಾತು ಹೇಳುವವರು ಇರುವುದಿಲ್ಲ. ಆ ಬೇಸರ ನನಗೆ ಮೊದಮೊದಲು ಅರ್ಥ ಆಗಲಿಲ್ಲ. ಇನ್ನಾದರೂ ಮನೆಯಲ್ಲಿರುತ್ತಾರೆ ಅಂತ ನನಗೆ ಖುಷಿ, ಅವರಿಗೆ ಏನೋ ಕಳೆದುಕೊಂಡ ಹಾಗೆ. ಮರುದಿನವೇ ನೆಂಟರನ್ನು ಕರೆದಿದ್ದೆ ಒಮ್ಮೆ. ಅವರು ಎಲ್ಲರ ನಡುವೆ ನಗುತ್ತಾ ಕೂತು, ರಾತ್ರಿ ಒಬ್ಬರೇ ಹಿತ್ತಲಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಆ ವಾರ ಯಾರನ್ನೂ ಕರೆದಿಲ್ಲ. ಮುಂದಿನ ನಾಟಕ ಯಾವುದು ಅಂತಲೂ ಕೇಳುವುದಿಲ್ಲ. ಮುಗಿದದ್ದರ ಬಗ್ಗೆ ಅವರಾಗಿ ಹೇಳಿದರೆ ಕೇಳುತ್ತೇನೆ, ಎಷ್ಟು ಸಲ ಹೇಳಿದರೂ ಕೇಳುತ್ತೇನೆ.

ನಿದ್ದೆಯ ಹೊತ್ತನ್ನು ಒಂದೇ ದಿನಕ್ಕೆ ಹಿಂದಕ್ಕೆ ಎಳೆಯಲು ಹೋಗಬೇಡಿ. ಎರಡು ದಿನಕ್ಕೆ ಅರ್ಧ ಗಂಟೆ ಬೇಗ ಎದ್ದರೆ ಸಾಕು. ಎದ್ದ ಕೂಡಲೇ ಬಯಲಿನ ಬೆಳಕು ಕಣ್ಣಿಗೆ ಬೀಳಬೇಕು. ಬೆಳಗಿನ ಬೆಳಕು ಮೈಯ ಗಡಿಯಾರವನ್ನು ಹಿಂದಕ್ಕೆ ತರುತ್ತದೆ, ರಾತ್ರಿ ನಿದ್ದೆ ಬೇಗ ಬರುತ್ತದೆ. ಇಲ್ಲಿಯೇ ತೋಟ ಕೆಲಸಕ್ಕೆ ಬರುವುದು. ಆಗ ನಾನು ದಪ್ಪ ಪರದೆ ಸರಿಸಿಬಿಡುತ್ತೇನೆ. ಇಡೀ ತೋಟವನ್ನು ಅವರ ಕೈಗೆ ಕೊಡುವುದಿಲ್ಲ, ಒಂದೇ ಸಾಲು ಕೊಡುತ್ತೇನೆ. ಬಾಡಿದ ಹೂ ಚಿವುಟುವುದು, ಬಳ್ಳಿಗೆ ದಾರ ಕಟ್ಟುವುದು, ಪುದೀನಕ್ಕೆ ನೀರು ಹಾಕುವುದು, ಹೀಗೆ ಹತ್ತು ನಿಮಿಷದ ಕೆಲಸ. ಕೈಗೆ ಏನಾದರೂ ಇದ್ದರೆ ಮಾತಾಡುವುದೂ ಸುಲಭ, ಮಾತಾಡದೆ ಇರುವುದೂ ಸುಲಭ, ಅಲ್ವಾ? ಹತ್ತು ಹದಿನೈದು ದಿನ ಕಳೆದರೂ ನಿದ್ದೆ, ಊಟ ಸರಿಹೋಗದೆ ಮಂಕಾಗಿಯೇ ಇದ್ದರೆ ಅದನ್ನು ಬರೀ ನಾಟಕದ ಬೇಸರ ಅಂತ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಬ್ಬರು ಬೇರೆ ಬೇರೆ ಹೊತ್ತಿಗೆ ಎದ್ದು ನೀರು ಹಾಕುವ ಮನೆಯಲ್ಲಿ ಒಂದು ತೊಂದರೆ ಇದೆ. ಒಂದೇ ಕುಂಡಕ್ಕೆ ಎರಡು ಸಲ ನೀರು ಬಿದ್ದು ಬೇರು ಕೊಳೆಯುತ್ತದೆ. ಅದಕ್ಕೆ ನಾನು ಪ್ರತಿ ಕುಂಡದ ಪಕ್ಕ ಒಂದು ಬೆಣಚುಕಲ್ಲು ಇಟ್ಟಿದ್ದೇನೆ. ನೀರು ಹಾಕಿದವರು ಕಲ್ಲನ್ನು ಎತ್ತಿ ಮಣ್ಣಿನ ಮೇಲೆ ಇಡಬೇಕು. ರಾತ್ರಿ ಮಲಗುವ ಮುಂಚೆ ಕಲ್ಲುಗಳನ್ನು ಮತ್ತೆ ಕೆಳಗೆ ಇಡಬೇಕು. ಹೋದ ಬೇಸಿಗೆಯಲ್ಲಿ ನಾಟಕ ಮುಗಿದು ಒಂಬತ್ತನೇ ದಿನ ನಾನು ಐದೂವರೆಗೆ ಎದ್ದು ಹೋದಾಗ, ಪುದೀನದ ಸಾಲಿನಲ್ಲಿ ಅಷ್ಟೂ ಕಲ್ಲು ಮಣ್ಣಿನ ಮೇಲಿದ್ದವು.